ಬರೆದ ಮೇಲೆ ಮೂರು ಓದು

ಬೆಂಗಳೂರಿನ ಕಚೇರಿಯೊಂದರಲ್ಲಿ ಒಳ್ಳೆಯ ಹುದ್ದೆಯಲ್ಲಿದ್ದ ತರುಣನೊಬ್ಬನಿಗೆ ಒಂದು ರಾತ್ರಿ ಮೈಸೂರಿನಿಂದ ದುಃಖದ ವಾರ್ತೆ ಬಂದಿತು. ಪ್ರೌಢಶಾಲೆಯಲ್ಲಿ ಮೂರು ವರ್ಷ ಕನ್ನಡ ಕಲಿಸಿದ ಮೇಷ್ಟರು ತೀರಿಕೊಂಡಿದ್ದರು. ಆತನಿಗೆ ನಿಜವಾಗಿಯೂ ಸಂಕಟವಾಯಿತು. ಕೂಡಲೇ ಕೈಯಲ್ಲಿದ್ದ ಫೋನಿನಲ್ಲಿ ನಾಲ್ಕು ಸಾಲು ಬರೆದು ಮೇಷ್ಟರ ಮಗನಿಗೆ ಕಳುಹಿಸಿದ. “ಪೂಜ್ಯ ಗುರುಗಳ ನಿಧಾನದ ಸುದ್ದಿ ತಿಳಿದು ಬಹಳ ದುಃಖವಾಯಿತು. ಇಂದು ನಾನು ಏನಾಗಿದ್ದೇನೆಯೋ ಅದಕ್ಕೆಲ್ಲ ಅವರೇ ಕಾರಣ. ಅವರಿಗೆ ನಾನು ಸದಾ ಕೃತಘ್ನ” ಎಂಬುದು ಅದರ ಒಕ್ಕಣೆ.

ಹದಿಮೂರನೆಯ ದಿನ ಆತ ಮೈಸೂರಿಗೆ ಹೋದ. ಊಟ ಮುಗಿದು ನೆಂಟರಿಷ್ಟರು ಚದುರಿದ ಮೇಲೆ ಮೇಷ್ಟರ ಪತ್ನಿ ಆತನನ್ನು ಹತ್ತಿರ ಕರೆದು ಕೂರಿಸಿಕೊಂಡರು.

“ನೀನು ಬರೆದದ್ದನ್ನು ಮಗ ತೋರಿಸಿದನಪ್ಪಾ,” ಎಂದರು. “ಅವರಿದ್ದಿದ್ದರೆ ಎರಡು ಕಡೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ ಹಿಂದಕ್ಕೆ ಕೊಡುತ್ತಿದ್ದರು. ಮೂರು ಓದು, ಮೂರು ಓದು ಅಂತ ಬಡಿದುಕೊಳ್ಳುತ್ತಿದ್ದರಲ್ಲ, ಮರೆತೇಬಿಟ್ಟೆಯಾ?”

ಆಕೆ ನಗುತ್ತಲೇ ಆಡಿದ ಮಾತು ಅದು. ಕಣ್ಣು ಮಾತ್ರ ತುಂಬಿತ್ತು.

ತರುಣ ಫೋನು ತೆರೆದು ತನ್ನ ಬರಹವನ್ನು ತಾನೇ ಓದಿಕೊಂಡ. ‘ನಿಧನ’ ಎಂಬುದು ಒಂದು ದೀರ್ಘವನ್ನು ಸೇರಿಸಿಕೊಂಡು ‘ನಿಧಾನ’ವಾಗಿತ್ತು. ಅದನ್ನಾದರೂ ಕೈತಪ್ಪು ಎನ್ನಬಹುದು. ಆದರೆ ಕೊನೆಯ ಪದ? ಉಪಕಾರ ಸ್ಮರಿಸುವವನು ಕೃತಜ್ಞ; ಉಂಡ ಮನೆಗೆ ಎರಡು ಬಗೆಯುವವನು ಕೃತಘ್ನ. ಗುರುವಿನ ಸಾವಿನ ಹೊತ್ತಿನಲ್ಲಿ ಆ ಗುರುವಿನ ಮನೆಗೆ ‘ನಾನು ಉಪಕಾರಗೇಡಿ’ ಎಂದು ಆತ ತನ್ನ ಕೈಯಾರೆ ಬರೆದು ಕಳುಹಿಸಿದ್ದ. ಅದೂ ಕನ್ನಡ ಕಲಿಸಿದ ಗುರುವಿಗೆ!

ಮೇಷ್ಟರ ‘ಮೂರು ಓದು’ ಬಹಳ ಸರಳವಾದ ನಿಯಮ. ಏನನ್ನೇ ಬರೆಯಲಿ, ಕಳುಹಿಸುವ ಮುನ್ನ ಮೂರು ಸಲ ಓದಬೇಕು. ಕಣ್ಣಿಗಾಗಿ ಒಂದು ಸಲ, ಬಾಯಿಗಾಗಿ ಒಂದು ಸಲ, ಅದು ಯಾರಿಗೆ ಸೇರಬೇಕೋ ಅವರ ಮನಸ್ಸಿಗಾಗಿ ಒಂದು ಸಲ. ಕಣ್ಣು ಅಕ್ಷರವನ್ನು ಕಾಯುತ್ತದೆ, ಬಾಯಿ ವಾಕ್ಯವನ್ನು ಕಾಯುತ್ತದೆ, ಮನಸ್ಸು ಅರ್ಥವನ್ನು ಕಾಯುತ್ತದೆ. ಒಬ್ಬ ಕಾವಲುಗಾರ ತೂಕಡಿಸಿದರೂ ಮನೆಗೆ ಕಳ್ಳ ನುಗ್ಗುವುದು ಖಂಡಿತ.

ಬರಹ, ಓದು, ಮಾತು ಎಂಬ ಮೂರು ವಿದ್ಯೆಗಳನ್ನು ಬೇರೆ ಬೇರೆಯಾಗಿ ಕಲಿಯಬೇಕೆಂದು ಅನೇಕರು ಭಾವಿಸಿ, ಕಾಲವಿಲ್ಲವೆಂದು ಕೈಬಿಡುತ್ತಾರೆ. ಬರೆದುದನ್ನು ಮೂರು ಬಗೆಯಲ್ಲಿ ಓದುವ ಈ ಒಂದು ಅಭ್ಯಾಸದಲ್ಲಿ ಮೂರೂ ಅಡಗಿವೆ ಎಂಬುದನ್ನು ಆ ಮೇಷ್ಟರು ಕಂಡುಕೊಂಡಿದ್ದರು.

ಕಣ್ಣಿನ ಓದು

ಆ ತರುಣ ದಡ್ಡನಲ್ಲ. ತಪ್ಪು ಹೇಗೆ ನುಸುಳಿತೆಂಬುದನ್ನು ನೋಡಿದರೆ ಎಲ್ಲರೂ ಎಚ್ಚರಗೊಳ್ಳಬೇಕಾದ ಸಂಗತಿ ತಿಳಿಯುತ್ತದೆ. ‘ಜ್ಞ’ ಎಂಬ ಒತ್ತಕ್ಷರವನ್ನು ಕನ್ನಡಿಗರಲ್ಲಿ ಬಹುಮಂದಿ ‘ಗ್ನ’ ಎಂದೇ ಉಚ್ಚರಿಸುತ್ತಾರೆ. ಇಂಗ್ಲಿಷ್ ಅಕ್ಷರಗಳನ್ನು ಒತ್ತಿ ಕನ್ನಡ ಮೂಡಿಸುವ ಅಭ್ಯಾಸವುಳ್ಳವರ ಬೆರಳು ಕಿವಿಗೆ ಬಿದ್ದಂತೆ ಓಡುತ್ತದೆ. ಯಂತ್ರ ತನಗೆ ಸಮೀಪವೆಂದು ತೋರಿದ ಪದವನ್ನು ಮುಂದಿಡುತ್ತದೆ. ಅವಸರದಲ್ಲಿರುವವನು ಅದನ್ನೇ ಸ್ವೀಕರಿಸುತ್ತಾನೆ. ಯಂತ್ರಕ್ಕೆ ಪದ ಗೊತ್ತೇ ಹೊರತು ಉಪಕಾರ, ಅಪಕಾರಗಳು ಗೊತ್ತಿಲ್ಲ. ಅಲ್ಲಿ ಕಾವಲಿರಬೇಕಾದುದು ಬರೆದವನ ಕಣ್ಣು.

ಕಣ್ಣಿಗೆ ನೆರವಾಗುವುದು ಪದದ ಹುಟ್ಟು. ಪದವನ್ನು ಬಿಡಿಸಿ ನೋಡುವವನು ಕಾಗುಣಿತವನ್ನು ಉರುಹೊಡೆಯಬೇಕಾಗಿಲ್ಲ. ‘ಜ್ಞ’ ಎಂದರೆ ಬಲ್ಲವನು: ಸರ್ವಜ್ಞ, ಶಾಸ್ತ್ರಜ್ಞ, ಕೃತಜ್ಞ. ‘ಘ್ನ’ ಎಂದರೆ ನಾಶಮಾಡುವವನು: ಶತ್ರುಘ್ನ, ಕೃತಘ್ನ. ಮಾಡಿದ ಉಪಕಾರವನ್ನು ಬಲ್ಲವನು ಒಬ್ಬ, ಅದನ್ನು ಕೊಲ್ಲುವವನು ಇನ್ನೊಬ್ಬ. ಸರ್ವಜ್ಞನನ್ನೂ ಶತ್ರುಘ್ನನನ್ನೂ ಒಮ್ಮೆ ನೆನೆದುಕೊಂಡವನು ಜೀವಮಾನದಲ್ಲಿ ಮತ್ತೆ ತಪ್ಪಲಾರ.

ಇದೇ ದಾರಿಯಲ್ಲಿ ಇನ್ನೂ ಕೆಲವು ಪದಗಳನ್ನು ನೋಡಬಹುದು. ಮದುವೆಯ ಮನೆಗಳಲ್ಲಿಯೂ ಬೀದಿಯ ಫಲಕಗಳಲ್ಲಿಯೂ ‘ಹಾರ್ಧಿಕ ಶುಭಾಷಯಗಳು’ ಎಂದು ದಪ್ಪಕ್ಷರಗಳಲ್ಲಿ ಬರೆಸಿರುತ್ತಾರೆ. ಎರಡು ಪದ, ಎರಡು ತಪ್ಪು. ಶುಭವಾದ ಆಶಯವೇ ಶುಭಾಶಯ. ಅದಕ್ಕೂ ಭಾಷೆಗೂ ಸಂಬಂಧವಿಲ್ಲ. ಹೃದಯದಿಂದ ಬಂದದ್ದು ಹಾರ್ದಿಕ; ಹೃದಯದ ‘ದ’ಕಾರಕ್ಕೆ ಮಹಾಪ್ರಾಣದ ಹೊರೆ ಬೇಡ. ಲಕ್ಷಕ್ಕೆ ಅಂತರ ಸೇರಿದರೆ ಲಕ್ಷಾಂತರ. ಅದನ್ನು ನೋಡಿ ‘ಕೋಟ್ಯಾಂತರ’ ಎಂದು ಬರೆಯುವವರೇ ಹೆಚ್ಚು. ಕೋಟಿಯ ಕೊನೆಯಲ್ಲಿರುವುದು ಇಕಾರ. ಕೋಟಿಗೆ ಅಂತರ ಸೇರಿದರೆ ಕೋಟ್ಯಂತರವೇ ಆಗಬೇಕು. ಪ್ರಶಸ್ತಿಯನ್ನು ಕೊಡುವುದು ಪ್ರದಾನ, ಅದರಲ್ಲಿ ‘ದಾನ’ವಿದೆ, ಮುಖ್ಯವಾದುದು ಪ್ರಧಾನ. ‘ಪ್ರಶಸ್ತಿ ಪ್ರಧಾನ ಸಮಾರಂಭ’ ಎಂದು ಆಹ್ವಾನಪತ್ರಿಕೆ ಅಚ್ಚುಮಾಡಿಸಿದರೆ ಪ್ರಶಸ್ತಿಯನ್ನು ಕೊಡುವ ಮಾತೇ ಅಲ್ಲಿ ಉಳಿಯುವುದಿಲ್ಲ.

ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಬರೆದು ಕಳುಹಿಸುವವರ ಮನೆಗಳಲ್ಲಿ ಬೇರೊಂದು ಬಗೆಯ ಪೇಚು. ಬೆಲೆ, ಬೆಳೆ, ಬೇಳೆ ಎಂಬ ಮೂರು ಪದಗಳೂ ಆ ಲಿಪಿಯಲ್ಲಿ ಒಂದೇ ಆಗಿಬಿಡುತ್ತವೆ. ಮಾವನವರು ಹಳ್ಳಿಯಿಂದ ಈ ವರ್ಷದ ಬೆಳೆಯನ್ನು ಕುರಿತು ಕೇಳಿದರೆ ಅಳಿಯ ಅಂಗಡಿಯ ಬೇಳೆಯ ಬೆಲೆಯನ್ನು ಬರೆದಾನು. ಹಾಲಿಗೂ ಹಾಳಿಗೂ ಅಲ್ಲಿ ಭೇದವಿಲ್ಲ. ಮನೆಗೂ ಮಣೆಗೂ ಭೇದವಿಲ್ಲ. ಕನ್ನಡ ಲಿಪಿಯಲ್ಲಿ ಲಕಾರ ಳಕಾರಗಳಿಗೆ, ನಕಾರ ಣಕಾರಗಳಿಗೆ, ಹ್ರಸ್ವ ದೀರ್ಘಗಳಿಗೆ ಬೇರೆ ಬೇರೆ ಗುರುತುಗಳಿರುವುದು ಅಂದಕ್ಕಾಗಿ ಅಲ್ಲ. ಒಂದೊಂದು ಗುರುತಿನ ಹಿಂದೆಯೂ ಒಂದೊಂದು ಅರ್ಥ ನಿಂತಿದೆ.

ಅಕ್ಷರಗಳ ಗೊಂದಲ ಇಂದಿನದಲ್ಲ ಎಂಬುದನ್ನೂ ಹೇಳಬೇಕು. ಹಳಗನ್ನಡದಲ್ಲಿ ಱ, ೞ ಎಂಬ ಎರಡು ಅಕ್ಷರಗಳು ಬೇರೆಯಾಗಿದ್ದವು. 13ನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ವನ್ನು ರಚಿಸಿದ ಕೇಶಿರಾಜ ೞಕಾರವುಳ್ಳ ಪದಗಳನ್ನು ಪಟ್ಟಿಮಾಡಿಯೇ ಕೊಟ್ಟ. ಆದರೂ ಆ ಎರಡು ಅಕ್ಷರಗಳು ಬಳಕೆಯಿಂದ ಜಾರಿಹೋದವು, ಭಾಷೆ ಬದುಕಿಕೊಂಡಿತು. ಆದುದರಿಂದ ಕಾಗುಣಿತದ ತಪ್ಪನ್ನು ಕಂಡವರು ಹುಬ್ಬು ಗಂಟಿಕ್ಕಿ ಮಕ್ಕಳ ಮುಖ ಬಾಡಿಸಬೇಕಾದುದಿಲ್ಲ. ಮನೆಯ ಆಡುಮಾತಿನಲ್ಲಿ ಹಕಾರ ಅಕಾರವಾಗುವುದು ದೋಷವಲ್ಲ, ಅದು ಆ ಊರಿನ ಮಾತಿನ ಬಗೆ. ಆದರೆ ಒಂದು ಅಕ್ಷರದಿಂದ ಅರ್ಥವೇ ತಿರುಗಿಬೀಳುವ ಕಡೆ, ದೂರದೂರಿನ ಅಪರಿಚಿತರೂ ಓದಬೇಕಾದ ಬರಹದಲ್ಲಿ, ಎಲ್ಲರೂ ಒಪ್ಪಿದ ರೂಪವನ್ನು ಬಿಡಲಾಗದು.

ಸಂಶಯ ಬಂದಾಗ ನಿಘಂಟನ್ನು ತೆರೆಯುವುದು ನಾಚಿಕೆಯ ವಿಷಯವಲ್ಲ. ರೆವರೆಂಡ್ ಕಿಟ್ಟೆಲ್ಲರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟು ಎಂಟು ಸಂಪುಟಗಳಲ್ಲಿ ಹೊರಬಂದಿದೆ. ಆ ಕಾರ್ಯದಲ್ಲಿ ದುಡಿದ ಪ್ರೊಫೆಸರ್ ಜಿ. ವೆಂಕಟಸುಬ್ಬಯ್ಯನವರು (1913–2021) ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ಸಾಮಾನ್ಯ ಓದುಗರ ಪದಸಂಶಯಗಳಿಗೆ ವರ್ಷಾನುವರ್ಷ ಉತ್ತರ ಕೊಟ್ಟರು. ಪದವೊಂದರ ಹುಟ್ಟನ್ನು ಕೇಳುವ ಕುತೂಹಲ ವಿದ್ವಾಂಸರದ್ದಷ್ಟೇ ಅಲ್ಲ, ಮನೆಮಂದಿಯದೂ ಹೌದೆಂಬುದಕ್ಕೆ ಆ ಅಂಕಣವೇ ಸಾಕ್ಷಿ. ಒಂದು ಪುಟ್ಟ ನಿಘಂಟು ದೇವರ ಕೋಣೆಯ ಪಂಚಾಂಗದಂತೆ ಕೈಗೆಟಕುವ ಕಡೆ ಇರಬೇಕು; ಗಾಜಿನ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂರಬಾರದು.

ಬಾಯಿಯ ಓದು

ಅಕ್ಷರಗಳೆಲ್ಲ ಸರಿಯಾಗಿದ್ದೂ ವಾಕ್ಯ ಕೆಟ್ಟಿರಬಹುದು. ಅದನ್ನು ಕಣ್ಣು ಹಿಡಿಯಲಾರದು. ಬರೆದವನ ಕಣ್ಣು ತಾನು ಬರೆದುದನ್ನು ಓದುವುದೇ ಇಲ್ಲ, ಬರೆಯಬೇಕೆಂದಿದ್ದುದನ್ನು ಓದಿಕೊಳ್ಳುತ್ತದೆ. ಬಾಯಿಗೆ ಆ ಚಾತುರ್ಯವಿಲ್ಲ. ಗಟ್ಟಿಯಾಗಿ ಓದುವಾಗ ಎಲ್ಲಿ ಉಸಿರು ಕಟ್ಟುತ್ತದೆಯೋ ಅಲ್ಲಿ ವಾಕ್ಯ ಉದ್ದವಾಗಿದೆ, ಎಲ್ಲಿ ನಾಲಗೆ ತಡವರಿಸುತ್ತದೆಯೋ ಅಲ್ಲಿ ಪದಗಳ ಜೋಡಣೆ ಕೆಟ್ಟಿದೆ, ಎಲ್ಲಿ ಕೇಳುವವರು “ಏನಂದೆ?” ಎನ್ನುತ್ತಾರೆಯೋ ಅಲ್ಲಿ ಅರ್ಥ ಎರಡಾಗಿದೆ.

“ಹೊಸ ಹೆಂಗಸರ ಸೀರೆಗಳ ಮಾರಾಟ” ಎಂಬ ಫಲಕವನ್ನು ಗಟ್ಟಿಯಾಗಿ ಓದಿದವರು ನಗದಿರಲಾರರು. ಹೊಸತು ಯಾವುದು, ಸೀರೆಯೋ ಹೆಂಗಸರೋ? ‘ಹೆಂಗಸರ ಹೊಸ ಸೀರೆಗಳು’ ಎಂದಿದ್ದರೆ ತೀರಿತ್ತು. “ನಿನ್ನೆ ಬಂದ ಸೊಸೆಯ ತಂದೆ” ಎಂದರೆ ಬಂದವರು ಸೊಸೆಯೋ ಬೀಗರೋ ತಿಳಿಯದು. ‘ಸೊಸೆಯ ತಂದೆ ನಿನ್ನೆ ಬಂದರು’ ಎಂದರೆ ಸಂಶಯವಿಲ್ಲ. “ಅಧ್ಯಕ್ಷರು ಕಾರ್ಯದರ್ಶಿಗಳಿಗೆ ತಮ್ಮ ಮನೆಯಲ್ಲಿ ಸಭೆಯೆಂದು ತಿಳಿಸಿದರು” ಎಂಬ ವಾಕ್ಯವನ್ನು ನಂಬಿ ಸದಸ್ಯರಲ್ಲಿ ಅರ್ಧಮಂದಿ ಒಂದು ಮನೆಗೂ ಉಳಿದವರು ಇನ್ನೊಂದು ಮನೆಗೂ ಹೋದರೆ ತಪ್ಪು ಅವರದಲ್ಲ, ‘ತಮ್ಮ’ ಎಂಬ ಪದದ್ದು. ಕನ್ನಡದಲ್ಲಿ ವಿಶೇಷಣ ತಾನು ಹೇಳಬೇಕಾದ ಪದದ ಪಕ್ಕದಲ್ಲೇ ನಿಲ್ಲಬೇಕು. ಸರ್ವನಾಮ ಯಾರನ್ನು ಸೂಚಿಸುತ್ತದೆಯೆಂದು ತಿಳಿಯದಿದ್ದರೆ ಹೆಸರನ್ನೇ ಮತ್ತೊಮ್ಮೆ ಹೇಳುವುದು ಮೇಲು.

ಗಟ್ಟಿಯಾಗಿ ಓದುವುದು ಕನ್ನಡ ನಾಡಿಗೆ ಹೊಸದಲ್ಲ. 9ನೆಯ ಶತಮಾನದ ‘ಕವಿರಾಜಮಾರ್ಗ’ವು ಈ ನಾಡಿನವರು ವಿಶೇಷವಾಗಿ ವ್ಯಾಸಂಗ ಮಾಡದಿದ್ದರೂ ಕಾವ್ಯದ ಬಳಕೆಯನ್ನು ಬಲ್ಲವರೆಂದು ಹೊಗಳಿದೆ. ಓದದೆ ಬಲ್ಲವರಾಗುವುದು ಕೇಳುವುದರಿಂದಲ್ಲದೆ ಮತ್ತೆ ಹೇಗೆ? ಅಕ್ಷರ ಬಾರದ ಅಜ್ಜಿಯರು ಕುಮಾರವ್ಯಾಸನ ಪದ್ಯಗಳನ್ನು ಬಾಯಲ್ಲಿ ಹೇಳುತ್ತಿದ್ದುದು ಗಮಕಿಗಳ ಕೃಪೆಯಿಂದ. ಗಮಕಿ ಪದ್ಯವನ್ನು ರಾಗವಾಗಿ ವಾಚಿಸುತ್ತಾನೆ, ಪಕ್ಕದಲ್ಲಿ ಕುಳಿತ ವ್ಯಾಖ್ಯಾನಕಾರ ಅರ್ಥ ಬಿಡಿಸುತ್ತಾನೆ. ಎಲ್ಲಿ ನಿಲ್ಲಿಸಬೇಕು, ಯಾವ ಪದವನ್ನು ಎತ್ತಿ ಹಿಡಿಯಬೇಕು ಎಂಬ ವಿವೇಕವೇ ಆ ಕಲೆಯ ಜೀವಾಳ. ಶಿವಮೊಗ್ಗದ ಬಳಿ ತುಂಗಾನದಿಯ ದಡದಲ್ಲಿರುವ ಹೊಸಹಳ್ಳಿ ಈ ಕಲೆಗೆ ಹೆಸರಾದುದು. ಅಲ್ಲಿಯ ಗಮಕಿ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಗೌರವ ಸಂದಿತು.

ಕಿವಿಗಾಗಿ ಬರೆಯುವುದನ್ನು ಕಲಿಸಿದ ಇನ್ನೊಂದು ಶಾಲೆ ಬಾನುಲಿ. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ಬಾನುಲಿ ನಿಲಯವನ್ನು ಆರಂಭಿಸಿದರು. ಬಾನುಲಿಯ ಶ್ರೋತೃ ಪುಟವನ್ನು ಹಿಂದಕ್ಕೆ ತಿರುಗಿಸಲಾರ. ಒಮ್ಮೆ ಕೇಳಿದ್ದು ಅರ್ಥವಾದರೆ ಆಯಿತು, ಇಲ್ಲವಾದರೆ ಹೋಯಿತು. ಪ್ರತಿಯೊಬ್ಬ ಓದುಗನೂ ಅಂತಹ ಶ್ರೋತೃವೆಂದೇ ಭಾವಿಸಿ ಬರೆಯುವವನ ವಾಕ್ಯ ತಾನಾಗಿಯೇ ತಿಳಿಯಾಗುತ್ತದೆ.

ಸಭೆಯಲ್ಲಿ ಮಾತನಾಡುವುದಕ್ಕೂ ಇದೇ ಸಾಧನೆ. ನಿವೃತ್ತರ ಬೀಳ್ಕೊಡುಗೆಯಲ್ಲಿ, ಮಗುವಿನ ನಾಮಕರಣದಲ್ಲಿ, ಬಡಾವಣೆಯ ಗಣೇಶೋತ್ಸವದಲ್ಲಿ ಇಂದಲ್ಲ ನಾಳೆ ಎಲ್ಲರೂ ಎರಡು ಮಾತು ಆಡಬೇಕಾಗುತ್ತದೆ. “ನನಗೆ ಮಾತನಾಡಲು ಬರುವುದಿಲ್ಲ” ಎಂದು ಆರಂಭಿಸಿ ಮುಕ್ಕಾಲು ಗಂಟೆ ಅದನ್ನೇ ಸಿದ್ಧಪಡಿಸಿ ತೋರಿಸುವವರನ್ನು ಎಲ್ಲರೂ ಕಂಡಿದ್ದಾರೆ. ಅಂತಹ ಭಾಷಣದಲ್ಲಿ ನಿವೃತ್ತರಾದವರು ‘ಸರಳ ಸಜ್ಜನರು, ಮೃದುಭಾಷಿಗಳು, ಅಜಾತಶತ್ರುಗಳು’ ಆಗಿರುತ್ತಾರೆ. ಕೇಳುವವರಿಗೆ ಅವರ ಮುಖವೇ ಕಣ್ಣಿಗೆ ಕಟ್ಟುವುದಿಲ್ಲ. ಅದರ ಬದಲು, ಊಟದ ಹೊತ್ತಿನಲ್ಲಿ ಮುದುಕರೊಬ್ಬರು ಪಿಂಚಣಿಯ ಕಾಗದ ಹಿಡಿದು ಬಂದಾಗ ಅವರು ಡಬ್ಬಿಯನ್ನು ಮುಚ್ಚಿಟ್ಟು ಎದ್ದುಹೋದ ಒಂದು ಸಂಗತಿಯನ್ನು ಹೇಳಿ ಕುಳಿತರೆ ಎರಡು ನಿಮಿಷ ಸಾಕು. ಒಂದು ಸಂಗತಿ, ಅದರಿಂದ ತಿಳಿಯುವ ಒಂದು ಗುಣ, ಒಂದು ಹಾರೈಕೆ; ಒಳ್ಳೆಯ ಕಿರುಭಾಷಣಕ್ಕೆ ಇದಕ್ಕಿಂತ ಹೆಚ್ಚಿನ ಸಾಮಗ್ರಿ ಬೇಕಿಲ್ಲ.

ಅದನ್ನು ಬರೆದುಕೊಂಡು, ಮನೆಯವರೊಬ್ಬರನ್ನು ಕೋಣೆಯ ಆಚೆ ತುದಿಯಲ್ಲಿ ಕೂರಿಸಿ, ಅವರಿಗೆ ಕೇಳಿಸುವಂತೆ ಮೂರು ನಾಲ್ಕು ಸಲ ಓದಬೇಕು. ಬಳಿಕ ಕಾಗದವನ್ನು ಮಡಿಸಿಟ್ಟು ಹೇಳಬೇಕು. ಮೊದಲ ವಾಕ್ಯವೂ ಕೊನೆಯ ವಾಕ್ಯವೂ ಕಂಠಸ್ಥವಾಗಿದ್ದರೆ ನಡುವಿನದು ತಾನೇ ಬರುತ್ತದೆ. ಅಂಜುವವರಲ್ಲಿ ಹೆಚ್ಚಿನವರು ತಡವರಿಸುವುದು ಹೊರಡುವಾಗ ಮತ್ತು ನಿಲ್ಲುವಾಗಲೇ.

ಮನಸ್ಸಿನ ಓದು

ಮೂರನೆಯ ಓದು ಕಠಿಣವಾದದ್ದು. ಬರೆದವನು ತನ್ನ ಕುರ್ಚಿಯಿಂದ ಎದ್ದು, ಕಾಗದ ಯಾರಿಗೆ ಹೋಗುತ್ತದೆಯೋ ಅವರ ಕುರ್ಚಿಯಲ್ಲಿ ಕುಳಿತು ಅದನ್ನು ಓದಬೇಕು. ‘ನಾನು ಹೇಳಬೇಕಾದುದನ್ನು ಹೇಳಿದೆನೇ’ ಎಂಬುದು ಇಲ್ಲಿಯ ಪ್ರಶ್ನೆಯಲ್ಲ. ‘ಅವರು ತಿಳಿಯಬೇಕಾದುದು ಇದರಲ್ಲಿದೆಯೇ’ ಎಂಬುದು ಪ್ರಶ್ನೆ.

ಬಡಾವಣೆಯ ನಿವಾಸಿಗಳು ನಗರಾಡಳಿತಕ್ಕೆ ಸಲ್ಲಿಸುವ ಅರ್ಜಿ ಸಾಮಾನ್ಯವಾಗಿ ಹೀಗಿರುತ್ತದೆ: “ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಮ್ಮ ಬಡಾವಣೆಯಲ್ಲಿ ಬಹಳ ದಿನಗಳಿಂದ ಬೀದಿದೀಪಗಳು ಉರಿಯದೇ ಇದ್ದು, ಸಾರ್ವಜನಿಕರಿಗೆ ತುಂಬಾ ತೊಂದರೆಯಾಗುತ್ತಿದ್ದು, ಕಳ್ಳಕಾಕರ ಭಯವೂ ಹೆಚ್ಚಿದ್ದು, ಈ ಬಗ್ಗೆ ಹಲವು ಬಾರಿ ಮನವಿ ಮಾಡಿಕೊಂಡರೂ ಯಾವುದೇ ಪ್ರಯೋಜನವಾಗದೇ ಇರುವುದರಿಂದ ತಾವು ದಯಮಾಡಿ ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ.”

ಇದರಲ್ಲಿ ವಿನಯಕ್ಕೆ ಕೊರತೆಯಿಲ್ಲ. ಆದರೆ ಏಣಿ ಹಿಡಿದು ಹೊರಡಬೇಕಾದ ಕೆಲಸಗಾರನ ಕುರ್ಚಿಯಲ್ಲಿ ಕುಳಿತು ಓದಿದರೆ? ಯಾವ ರಸ್ತೆ? ಎಷ್ಟು ದೀಪ? ಯಾವ ಕಂಬ? ಎಂದಿನಿಂದ? ಒಂದಕ್ಕೂ ಉತ್ತರವಿಲ್ಲ. ಅರ್ಜಿ ಕಡತದಲ್ಲಿ ಮಲಗುತ್ತದೆ, ಬೀದಿ ಕತ್ತಲಲ್ಲಿ ಮಲಗುತ್ತದೆ. ಅದೇ ಅರ್ಜಿಯನ್ನು ಹೀಗೆ ಬರೆದರೆ: “ನಾಲ್ಕನೆಯ ಅಡ್ಡರಸ್ತೆಯಲ್ಲಿ ಅರಳಿಕಟ್ಟೆಯಿಂದ ಪ್ರಾಥಮಿಕ ಶಾಲೆಯವರೆಗಿನ ಮೂರು ಬೀದಿದೀಪಗಳು ಈ ತಿಂಗಳ 3ನೆಯ ತಾರೀಖಿನಿಂದ ಉರಿಯುತ್ತಿಲ್ಲ. ಕಂಬಗಳ ಸಂಖ್ಯೆ 12, 13 ಮತ್ತು 14. ಸಂಜೆ ಪಾಠ ಮುಗಿಸಿ ಬರುವ ಮಕ್ಕಳಿಗೆ ಇದೊಂದೇ ದಾರಿ. ದಯವಿಟ್ಟು ದೀಪಗಳನ್ನು ದುರಸ್ತಿ ಮಾಡಿಸಿಕೊಡಬೇಕೆಂದು ಕೋರಿಕೆ.” ಮಾತು ಕಡಿಮೆಯಾಯಿತು, ವಿಷಯ ಹೆಚ್ಚಾಯಿತು. ಹೊಣೆ ಹೊತ್ತವರು ತಪ್ಪಿಸಿಕೊಳ್ಳಲು ಸಂದೂ ಉಳಿಯಲಿಲ್ಲ.

ಹಿಂದೆ ಈ ಪಾಠವನ್ನು ತಂತಿಯ ಕಚೇರಿ ಕಲಿಸುತ್ತಿತ್ತು. ತಂತಿವಾರ್ತೆಯಲ್ಲಿ ಒಂದೊಂದು ಪದಕ್ಕೂ ಹಣ ತೆರಬೇಕಾಗಿದ್ದುದರಿಂದ ಜನ ಪದಗಳನ್ನು ಚಿನಿವಾರರಂತೆ ತೂಗಿ ಬರೆಯುತ್ತಿದ್ದರು. ಭಾರತದಲ್ಲಿ ತಂತಿಯ ಸೇವೆ 2013ರ ಜುಲೈ ತಿಂಗಳಲ್ಲಿ ನಿಂತುಹೋಯಿತು. ಈಗ ಮಾತಿಗೆ ಬೆಲೆ ತೆರಬೇಕಾಗಿಲ್ಲ. ತೂಕವನ್ನು ಬರೆಯುವವನೇ ನೋಡಿಕೊಳ್ಳಬೇಕು.

ಆದರೆ ಚಿಕ್ಕದಾಗಿ ಬರೆಯುವುದೇ ಎಲ್ಲ ಕಡೆಯೂ ಒಳ್ಳೆಯದೆಂದು ತಿಳಿಯಬಾರದು. ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿರುವ ಕಾಗದಗಳನ್ನು ತೆಗೆದು ನೋಡಿದರೆ ‘ತೀರ್ಥರೂಪು ತಂದೆಯವರಿಗೆ’ ಎಂದು ಆರಂಭವಾಗಿ, ‘ಉಭಯ ಕುಶಲೋಪರಿ’ ಎಂದು ಮುಂದುವರಿದು, ಎಮ್ಮೆ ಕರು ಹಾಕಿದ ಸುದ್ದಿಯವರೆಗೆ ಎಲ್ಲವೂ ಇರುತ್ತದೆ. ಅಲ್ಲಿ ಆ ಕರುವಿನ ಸುದ್ದಿ ಹೆಚ್ಚಿನ ಮಾತಲ್ಲ. ದೂರದ ಊರಿನಲ್ಲಿ ಓದುತ್ತಿದ್ದ ಮಗನಿಗೆ ಮನೆಯನ್ನು ಕಣ್ಣಮುಂದೆ ತಂದುಕೊಟ್ಟದ್ದು ಅದೇ. ಕಚೇರಿಯವನಿಗೆ ಬೇಕಾದುದು ಕಂಬದ ಸಂಖ್ಯೆ, ಮಗನಿಗೆ ಬೇಕಾದುದು ಕರುವಿನ ಬಣ್ಣ. ಯಾರಿಗೆ ಏನು ಬೇಕೆಂದು ತಿಳಿಯುವುದೇ ಮನಸ್ಸಿನ ಓದು.

ಸಂತಾಪದ ಕಾಗದ ಕೆಡುವುದೂ ಇಲ್ಲಿಯೇ. ‘ತುಂಬಲಾರದ ನಷ್ಟ’, ‘ಆತ್ಮಕ್ಕೆ ಶಾಂತಿ’, ‘ದುಃಖ ಸಹಿಸುವ ಶಕ್ತಿ’ ಎಂಬ ಮಾತುಗಳು ಸುಳ್ಳಲ್ಲ. ಆದರೆ ಯಾರು ಸತ್ತರೂ ಒಪ್ಪುವಂಥವು. ಗಂಡನನ್ನು ಕಳೆದುಕೊಂಡ ಮನೆಯಾಕೆಗೆ ಅಂತಹ ಐವತ್ತು ಕಾಗದಗಳು ಬಂದಿರುತ್ತವೆ. ಆಕೆ ಹುಡುಕುವುದು ತನಗೆ ತಿಳಿಯದಿದ್ದ ಒಂದು ಸಂಗತಿಯನ್ನು: ಮನೆಯ ಹೊರಗೆ, ತಾನು ಕಾಣದಿದ್ದ ಹೊತ್ತಿನಲ್ಲಿ, ಆತ ಯಾರಿಗೆ ಏನಾಗಿದ್ದರು ಎಂಬುದನ್ನು.

ಮನೆಯೇ ಪಾಠಶಾಲೆ

ಬರಹವನ್ನು ಸ್ವಂತ ಪ್ರಯತ್ನದಿಂದಲೇ ತಿದ್ದಿಕೊಂಡವರಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ (1706–1790) ಪ್ರಸಿದ್ಧ. ಬಾಸ್ಟನ್ ನಗರದಲ್ಲಿ ಅಣ್ಣನ ಮುದ್ರಣಾಲಯದಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗನ ಕಾಗದಗಳನ್ನು ಓದಿದ ತಂದೆ, ಕಾಗುಣಿತ ಚೆನ್ನಾಗಿದ್ದರೂ ಶೈಲಿ ಸಾಲದೆಂದು ತೋರಿಸಿಕೊಟ್ಟರು. ಹುಡುಗ ಇಂಗ್ಲೆಂಡಿನ ‘ಸ್ಪೆಕ್ಟೇಟರ್’ ಪತ್ರಿಕೆಯ ಒಂದು ಸಂಪುಟವನ್ನು ಕೊಂಡುತಂದ. ಅದರ ಒಂದು ಪ್ರಬಂಧವನ್ನು ಓದಿ, ಪ್ರತಿ ವಾಕ್ಯದ ಭಾವವನ್ನು ಚುಟುಕಾಗಿ ಗುರುತುಹಾಕಿಕೊಂಡು, ಕೆಲವು ದಿನ ಬಿಟ್ಟು, ಪುಸ್ತಕ ನೋಡದೆ ಪ್ರಬಂಧವನ್ನು ತನ್ನ ಮಾತಿನಲ್ಲಿ ಬರೆಯುತ್ತಿದ್ದ. ಅನಂತರ ಮೂಲದೊಡನೆ ಹೋಲಿಸಿ ತಪ್ಪುಗಳನ್ನು ತಿದ್ದಿಕೊಳ್ಳುತ್ತಿದ್ದ. ಈ ಕಥೆಯನ್ನು ಅವರೇ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಇದಕ್ಕೆ ಬೇಕಾದುದು ಒಂದು ಒಳ್ಳೆಯ ಪುಸ್ತಕ, ಒಂದು ನೋಟುಪುಸ್ತಕ, ತನ್ನ ತಪ್ಪನ್ನು ತಾನೇ ಒಪ್ಪಿಕೊಳ್ಳುವ ಪ್ರಾಮಾಣಿಕತೆ, ಇಷ್ಟೇ.

ಸಂಸಾರವಂದಿಗರಿಗೆ ಇನ್ನೂ ಸುಲಭವಾದ ಕ್ರಮವುಂಟು. ರಾತ್ರಿ ಊಟವಾದ ಮೇಲೆ ಹದಿನೈದು ನಿಮಿಷ ಫೋನುಗಳನ್ನು ಒಂದು ಕಡೆ ಇಟ್ಟು, ಒಂದು ಪುಸ್ತಕವನ್ನು ಸರದಿಯ ಮೇಲೆ ಗಟ್ಟಿಯಾಗಿ ಓದಬೇಕು. ಎ. ಆರ್. ಕೃಷ್ಣಶಾಸ್ತ್ರಿಗಳ ‘ವಚನಭಾರತ’ ಇದಕ್ಕೆ ಹೇಳಿಮಾಡಿಸಿದಂತಿದೆ. ಇಡೀ ಮಹಾಭಾರತದ ಕಥೆ ಅದರಲ್ಲಿ ತಿಳಿಯಾದ ಗದ್ಯದಲ್ಲಿದೆ. ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹೋಗುವ ಮಗು ಮೊದಲ ವಾರ ಒಂದೇ ಸಾಲು ಓದಲಿ, ತಡವರಿಸಲಿ, ಯಾರೂ ನಗಕೂಡದು. ವಾರಕ್ಕೊಮ್ಮೆ ವಾರಪತ್ರಿಕೆಯ ಐದು ಸಾಲು ಉಕ್ತಲೇಖನ. ಅಜ್ಜಿ ಹೇಳಲಿ, ಅಪ್ಪನೂ ಮಕ್ಕಳ ಜೊತೆಯಲ್ಲಿ ಕುಳಿತು ಬರೆಯಲಿ. ಅಪ್ಪನ ತಪ್ಪನ್ನು ಹಿಡಿಯುವ ಸಂತೋಷಕ್ಕಾದರೂ ಮಕ್ಕಳು ಅಕ್ಷರಗಳನ್ನು ನೆಟ್ಟ ದೃಷ್ಟಿಯಿಂದ ನೋಡುತ್ತಾರೆ. ತಿಂಗಳಿಗೊಮ್ಮೆ ಊರಿನ ಹಿರಿಯರೊಬ್ಬರಿಗೆ ಕೈಬರಹದ ಒಂದು ಕಾಗದ. ಅದನ್ನು ಅಂಚೆಗೆ ಹಾಕುವ ಮುನ್ನ ಮೂರು ಓದು.

ಅನೇಕ ನಗರದ ಮನೆಗಳಲ್ಲಿ ಮೊಮ್ಮಕ್ಕಳು ಅಜ್ಜಿಯೊಡನೆ ಕನ್ನಡದಲ್ಲಿ ಮಾತನಾಡುತ್ತಾರೆ, ಆದರೆ ಅಜ್ಜಿ ಬರೆದ ಕಾಗದವನ್ನು ಓದಲಾರರು. ಮಾತು ಅಜ್ಜಿ ಇರುವವರೆಗೆ. ಕಾಗದ ಅನಂತರವೂ ಇರುತ್ತದೆ. ಅದು ಪೆಟ್ಟಿಗೆಯಲ್ಲಿದ್ದೂ ಯಾರಿಗೂ ತಿಳಿಯದೆ ಹೋದರೆ ನಷ್ಟವಾಗುವುದು ಬರಿಯ ಅಕ್ಷರವಲ್ಲ. ಹದಿನೈದು ನಿಮಿಷದ ಓದಿನಿಂದ ಉಳಿಯುವುದು ಏನೆಂಬುದನ್ನು ಲೆಕ್ಕಹಾಕಿದರೆ ಕಾಲವಿಲ್ಲವೆಂಬ ನೆಪ ನಿಲ್ಲಲಾರದು.

ಆ ತರುಣನ ವಿಚಾರವನ್ನು ಹೇಳದೆ ಮುಗಿಸಲಾಗದು. ಮೈಸೂರಿನಿಂದ ಹಿಂದಿರುಗಿದ ಮೇಲೆ ಆತ ಮತ್ತೊಂದು ಕಾಗದ ಬರೆದ. ಈ ಸಲ ಫೋನಿನಲ್ಲಲ್ಲ, ಲೇಖನಿಯಲ್ಲಿ. ಅದರಲ್ಲಿ ‘ತುಂಬಲಾರದ ನಷ್ಟ’ ಇರಲಿಲ್ಲ. ಒಂಬತ್ತನೆಯ ತರಗತಿಯಲ್ಲಿ ಭಾಷಣ ಸ್ಪರ್ಧೆಯ ದಿನ ಮಾತು ಮರೆತು ವೇದಿಕೆಯ ಮೇಲೆಯೇ ಅತ್ತ ಹುಡುಗನ ಕಥೆಯಿತ್ತು. ಮಾರನೆಯ ದಿನದಿಂದ ಒಂದು ತಿಂಗಳು ಶಾಲೆ ಬಿಟ್ಟ ಮೇಲೆ ಮೇಷ್ಟರು ಆ ಹುಡುಗನನ್ನು ಬರಿದಾದ ತರಗತಿಯಲ್ಲಿ ನಿಲ್ಲಿಸಿ, ತಾವು ಕೊನೆಯ ಬೆಂಚಿನಲ್ಲಿ ಕುಳಿತು, “ನನಗೆ ಕೇಳಿಸುವಂತೆ ಓದು” ಎನ್ನುತ್ತಿದ್ದರು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಹುಡುಗನಿಗೆ ಅವಮಾನವಾದೀತೆಂದು ಅವರ ಎಣಿಕೆ. “ಅಮ್ಮ, ಆ ತಿಂಗಳು ಮೇಷ್ಟರು ದಿನವೂ ಮನೆಗೆ ತಡವಾಗಿ ಬರುತ್ತಿದ್ದುದು ನನ್ನಿಂದ. ಅವರಿಗೂ ನಿಮಗೂ ನಾನು ಕೃತಜ್ಞ” ಎಂದು ಕಾಗದ ಮುಗಿದಿತ್ತು.

ಎಂಟು ದಿನಗಳ ಮೇಲೆ ಮೈಸೂರಿನಿಂದ ಒಂದು ಕಾರ್ಡು ಬಂದಿತು. ವಯಸ್ಸಾದ ಕೈಯ ನಡುಗುವ ಅಕ್ಷರಗಳು, ಒಂದೂ ತಪ್ಪಿರಲಿಲ್ಲ. ಎರಡೇ ವಾಕ್ಯ:

“ಕಾಗದ ತಲುಪಿತು. ಮೂರು ಸಲ ಓದಿದೆ.”